ಮೂಲದಲ್ಲಿ ಇಲ್ಲದ ಬಾಳೆಲೆ

ಒಂದು ಪುಸ್ತಕವನ್ನೂ ಪೂರ್ತಿ ಓದದೆ ನಾನು ಪಂಡಿತನಾಗಿದ್ದೆ. ಸುಳ್ಳಲ್ಲ. ತಲ್ಲೂರಿನಲ್ಲಿ ಕೊಬ್ಬರಿ ವ್ಯಾಪಾರ ನನ್ನ ಹೊಟ್ಟೆಪಾಡು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ನನ್ನ ಮರ್ಯಾದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹಾಡಿ ನಿಲ್ಲಿಸಿದ ಕೂಡಲೇ ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು. ಮಾತಿಗೆ ನಮ್ಮ ಕಡೆ ಯಾವತ್ತೂ ಬರಗಾಲವಿಲ್ಲ. ನನ್ನ ಅರ್ಥ ಕೇಳಿದ ಬೈಂದೂರಿನವರೂ "ಎಷ್ಟ್ ಓದ್ಕಂಡಿರ್ ಮಾರಾಯ್ರೆ ಇವ್ರ್!" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯವೆಂದು ತಿಳಿದರು.

ನನ್ನ ವಿದ್ಯೆಯೆಲ್ಲ ಕಿವಿಯಿಂದ ಬಂದದ್ದು. ನಮ್ಮೂರ ಸೂರಪ್ಪಯ್ಯ ಎಂಬ ಹಿರಿಯ ಅರ್ಥಧಾರಿಯ ಮಾತನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಯಾರಾದರೂ ಕೆಣಕಿದರೆ ಉತ್ತರ ಸಿದ್ಧವಿತ್ತು: ವೇದಕ್ಕೇ ಶ್ರುತಿ ಎಂದು ಹೆಸರು, ಅಂದರೆ ಕೇಳಿದ್ದು, ಋಷಿಗಳೇ ಕೇಳಿ ಕಲಿತ ಮೇಲೆ ಕೊಬ್ಬರಿ ವ್ಯಾಪಾರಿಗೇಕೆ ಓದು? ಸೋಮಾರಿತನಕ್ಕೆ ಸಂಸ್ಕೃತದ ಆಧಾರ ಸಿಕ್ಕಿದರೆ ಅದನ್ನು ಅಲ್ಲಾಡಿಸುವುದು ಬಹಳ ಕಷ್ಟ.

ಸೂರಪ್ಪಯ್ಯನಿಂದ ಬಂದದ್ದರಲ್ಲಿ ಬಂಗಾರವೆಂದರೆ ಬಾಳೆಲೆಯ ಮಾತು. ರಾಜ್ಯಕ್ಕಾಗಿ ಅಣ್ಣತಮ್ಮಂದಿರು ಯುದ್ಧಕ್ಕೆ ನಿಂತ ಪ್ರಸಂಗ. ತಮ್ಮನ ಕಡೆಯ ದೂತ ನಾನು. ಅಣ್ಣ ಸಂಧಿ ಒಲ್ಲೆ ಎಂದಾಗ ದನಿ ತಗ್ಗಿಸಿ ಹೇಳುತ್ತಿದ್ದೆ: "ರಾಜಾ, ಒಂದು ಮಳೆಗಾಲ ಮನೆಯಲ್ಲಿ ಒಂದೇ ಎಲೆ ಉಳಿದಿತ್ತು. ನೀನೂ ನಿನ್ನ ತಮ್ಮನೂ ಎದುರುಬದುರು ಕೂತು ಅದರಲ್ಲೇ ಉಂಡಿರಿ. ಸಾರು ನಿನ್ನ ಕಡೆಗೆ ಹರಿಯಲೆಂದು ಅವನು ತನ್ನ ತುದಿಯನ್ನು ಎತ್ತಿ ಹಿಡಿದಿದ್ದ. ಇಂದು ನಿನ್ನ ತುದಿಯನ್ನು ನೀನು ಒಂದಿಷ್ಟು ಎತ್ತಲಾರೆಯಾ?" ಅರಮನೆಯಲ್ಲಿ ಬಾಳೆಲೆಗೆ ಬಡತನ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಪಾಲು ಮಾಡಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದರು. ಅವರ ಶಾಲಿನ ತುದಿ ಕಣ್ಣಿಗೆ ಹೋಗುತ್ತಿತ್ತು.

ಹೀಗೆ ಸುಖವಾಗಿದ್ದವನಿಗೆ ಐವತ್ತರ ಹೊಸ್ತಿಲಲ್ಲಿ ಒಂದು ಚಪಲ ಹುಟ್ಟಿತು. ಪಂಡಿತನೆಂದ ಮೇಲೆ ಕನ್ನಡಕ ಬೇಡವೇ? ಕುಂದಾಪುರಕ್ಕೆ ಹೋಗಿ ದಪ್ಪ ಕಪ್ಪು ಚೌಕಟ್ಟಿನದೊಂದನ್ನು ಮಾಡಿಸಿಕೊಂಡು ಬಂದು ಜಗಲಿಯಲ್ಲಿ ಕೂತೆ. ಹೆಂಡತಿ ಗಿರಿಜ ಬಾಗಿಲಿಗೆ ಒರಗಿ ನೋಡಿದಳು.

"ಹ್ವಾಯ್, ಅದ್ನ್ ಹಾಕ್ಕಂಡ್ ಎಂತ ಕಾಂತ್ರಿ? ತೆಂಗಿನ್ ಮರ ಮೊದ್ಲೂ ಕಾಂತಿತ್ತಲ್ದಾ?"

ಮಾನ ಉಳಿಸಿಕೊಳ್ಳಲು ಕೈಯಲ್ಲೊಂದು ಪುಸ್ತಕ ಬೇಕೇ ಬೇಕಾಯಿತು. ಬ್ರಹ್ಮಾವರದಲ್ಲಿ ಅವಳ ಅಣ್ಣ, ನನ್ನ ಭಾವ, ಗಾಜಿನ ಕಪಾಟಿನ ತುಂಬ ಪುಸ್ತಕ ಇಟ್ಟಿದ್ದ. ಬಂದವರೆಲ್ಲ ಕಪಾಟನ್ನು ಹೊಗಳಿ ಕಾಫಿ ಕುಡಿದು ಹೋಗುವುದು ಅಲ್ಲಿಯ ಪದ್ಧತಿ. ಆ ಪ್ರಸಂಗದ ಕಥೆಯಿದ್ದ ಪುರಾಣದ ಪುಸ್ತಕವನ್ನು ಕೇಳಿದೆ. ಅವನು ಗಾಬರಿಯಾದ. "ಓದೂಕಾ ಭಾವ?" ಎಂದ. ಬೀಗದ ಕೈ ಹುಡುಕಿದ್ದಾಯಿತು. ಬೀಗ ತುಕ್ಕು ಹಿಡಿದಿತ್ತು. ತೆಂಗಿನೆಣ್ಣೆ ಬಿಟ್ಟು ಅಂತೂ ತೆಗೆದೆವು. ಭಾವನ ಪಾಂಡಿತ್ಯ ಎಷ್ಟು ಹೊಸದಾಗಿತ್ತೆಂದರೆ ಕೆಲವು ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ತೋರಿಕೆಗೆಂದು ತೆರೆದ ಪುಸ್ತಕವನ್ನು ಮುಚ್ಚಲಾಗಲಿಲ್ಲ. ಕೊಬ್ಬರಿ ತೂಗುವಾಗಲೂ ಒಂದು ಕಣ್ಣು ಅದರಲ್ಲೇ. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಅದೇ ಸಾಲನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬಹುದು. ಈ ಸೌಕರ್ಯವನ್ನು ಯಾವ ಭಾಗವತರು ಕೊಟ್ಟಾರು? ಇಷ್ಟು ವರ್ಷ ಇದನ್ನು ಬಿಟ್ಟು ಬರೀ ಬಾಯಿ ಬಡಿದುಕೊಂಡೆನಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಮತ್ತೊಂದು ಪುಸ್ತಕ ತಂದೆ, ಮಗದೊಂದು ತಂದೆ. ಆದರೆ ಬಾಳೆಲೆ ಎಲ್ಲೂ ಸಿಗಲಿಲ್ಲ. ಅಂಟಿದ ಹಾಳೆಗಳನ್ನು ಗಂಜಿಯ ಹಂಡೆಯ ಆವಿಗೆ ಹಿಡಿದು ಬಿಡಿಸಿ ನೋಡಿದೆ. ಎಲೆ ಇಲ್ಲ. ಸೂರಪ್ಪಯ್ಯನನ್ನು ಕೇಳೋಣವೆಂದರೆ ಅವನು ತೀರಿಹೋಗಿ ಬಹಳ ಕಾಲವಾಗಿತ್ತು.

ಹೊಸದಾಗಿ ಓದಿನ ರುಚಿ ಹತ್ತಿದ ಮುದುಕನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಮುಂದಿನ ತಾಳಮದ್ದಳೆ ಕೂಟ ಬಿಜೂರಿನ ಒಂದು ಮನೆಯ ಚಾವಡಿಯಲ್ಲಿ, ಭಾನುವಾರ ಮಧ್ಯಾಹ್ನ. ಎದುರಿನ ರಾಜನಾಗಿ ಶೀನಣ್ಣ, ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದವನು. ಅವನು ಬಾಯಿ ತೆರೆದಾಗಲೆಲ್ಲ ನಾನು ಕನ್ನಡಕ ಏರಿಸಿ "ಇದು ಮೂಲದಲ್ಲಿ ಎಲ್ಲಿದೆ?" ಎಂದೆ. ದೂತ ಬಂದದ್ದು ಸಂಧಿಗೆ. ನಡೆದದ್ದು ಶಾಲೆಯ ತಪಾಸಣೆ. ಭಾಗವತರು ತಾಳ ಕೆಳಗಿಟ್ಟು ಎಲೆಯಡಿಕೆಯ ಕವಳ ಹಾಕಿಕೊಂಡರು. ಬಾಳೆಲೆಯ ಜಾಗ ಬಂತು. ಜನ ಶಾಲು ಸರಿಮಾಡಿಕೊಂಡು ಕಾದರು. ನಾನು ಬಹಳ ಪ್ರಾಮಾಣಿಕನಾಗಿ ಅದನ್ನು ಬಿಟ್ಟು, ಪುಸ್ತಕದಲ್ಲಿದ್ದ ರಾಜನೀತಿಯನ್ನೆಲ್ಲ ಹೇಳಿದೆ. ಕಂಬದ ಹತ್ತಿರದಿಂದ ಗೊರಕೆ ಕೇಳಿಸಿತು.

ಬಸ್ಸಿನಲ್ಲಿ ಬರುವಾಗ ಗಿರಿಜ ಕೇಳಿದಳು, "ಎಲಿ ಎಂತಾಯ್ತ್?"

"ಅದ್ ಪುಸ್ತಕ್ದಗೆ ಇಲ್ಲೆ."

"ಬರ್ದವ್ರಿಗ್ ಗೊತ್ತಿರ್ಲಿಲ್ಲೆ. ನಿಮ್ಗ್ ಗೊತ್ತಿತ್ತಲ್ದಾ? ನೀವ್ ಹೇಳ್ಬೇಕಿತ್ತ್."

ಮುಂದಿನ ಕೂಟಕ್ಕೆ ನನಗೆ ಕರೆ ಬರಲಿಲ್ಲ. ದೂತನ ಅರ್ಥ ಶೀನಣ್ಣನಿಗಂತೆ. ಹೊಟ್ಟೆ ಉರಿಯಿತು, ಅಂಗಡಿಯಲ್ಲಿ ಯಾರು ಮಾತಾಡಿಸಿದರೂ ಸಿಡುಕಿದೆ. ಆದರೂ ಹೋದೆ, ತಪ್ಪು ಹಿಡಿಯಲೆಂದೇ ಹೋದೆ, ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು.

ಶೀನಣ್ಣ ಬಾಳೆಲೆಯ ಮಾತನ್ನು ನಾಚಿಕೆಯಿಲ್ಲದೆ ಎತ್ತಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಹೋಟೆಲಿನಲ್ಲಿ ಉಣ್ಣುವವರ ಮುಖ ನೋಡಿಯೇ ಬದುಕಿದವನಲ್ಲವೇ, ದನಿಯನ್ನು ಇನ್ನಷ್ಟು ತಗ್ಗಿಸಿ ಹೇಳಿದ: "ರಾಜಾ, ಅವನು ಅರ್ಧ ಹೊಟ್ಟೆಯಲ್ಲೇ ಎದ್ದ. ನಿನಗೆ ತಿಳಿಯಬಾರದೆಂದು ಒಂದು ಸುಳ್ಳು ತೇಗು ತೇಗಿದ."

ಚಾವಡಿಯಲ್ಲಿ ಶಾಲಿನ ತುದಿಗಳು ಕಣ್ಣಿಗೆ ಹೋದವು. ಆ ತೇಗು ಮೂಲದಲ್ಲಿಲ್ಲ, ಸೂರಪ್ಪಯ್ಯನಲ್ಲೂ ಇರಲಿಲ್ಲ. ಎದ್ದು ನಿಂತು ಕೇಳಿಯೇ ಬಿಡೋಣವೆಂದು ಪುಸ್ತಕ ಬಿಚ್ಚಿದೆ. ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಹಾಕಿಕೊಂಡೆ. ಮತ್ತೆ ತೆಗೆಯಬೇಕಾಯಿತು.

ಹೆಂಗಸರ ಸಾಲಿನಿಂದ ಇದನ್ನೆಲ್ಲ ನೋಡಿದ್ದ ಗಿರಿಜ ಬಸ್ಸು ಹತ್ತಿ ಪಕ್ಕದಲ್ಲಿ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು: "ಹ್ವಾಯ್, ತೇಗ್ ಮೂಲ್ದಗೆ ಇತ್ತಾ?"

ಓದು ಬಿಟ್ಟಿಲ್ಲ. ಭಾವನ ಕಪಾಟು ಅರ್ಧ ಖಾಲಿಯಾಗಿ, ಆ ಜಾಗದಲ್ಲಿ ಅವನು ಟ್ರಾನ್ಸಿಸ್ಟರ್ ಇಟ್ಟಿದ್ದಾನೆ. ಬಂದವರು ಈಗ ಅದನ್ನು ಹೊಗಳುತ್ತಾರೆ. ನಾನು ಮಾತ್ರ ಕೂಟಕ್ಕೆ ಹೊರಡುವ ದಿನ ಕನ್ನಡಕವನ್ನು ಮನೆಯಲ್ಲೇ ಇಟ್ಟು ಹೋಗುತ್ತೇನೆ. ಕಣ್ಣೊರೆಸಿಕೊಳ್ಳುವುದಕ್ಕೆ ಅದು ಅಡ್ಡ.