ಅತ್ತೆ ಸೋಸಿದ ಎಣ್ಣೆ

ಮದುವೆಯಾಗಿ ತೆಲಸಂಗಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಿ.ಎಸ್ಸಿ. ಕೆಮಿಸ್ಟ್ರಿಯ ನೋಟ್ಸ್ ಇದ್ದವು. ಅಥಣಿಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳಲು ಜನ ಬೇಕೆಂದು ತಿಳಿದು ಮಾವನವರನ್ನು ಕೇಳಿದೆ. ಎಂಬತ್ತರ ದಶಕದ ಕೊನೆ. ಸೊಸೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದನ್ನು ನಮ್ಮ ಜೈನ ಓಣಿ ಇನ್ನೂ ಕಂಡಿರಲಿಲ್ಲ.

ಮಾವ ಸಿಟ್ಟಾಗಲಿಲ್ಲ, ನಕ್ಕರು. "ಕಾನ್ವೆಂಟಿನಾಕಿ ಕೆಮಿಸ್ಟ್ರಿ ನಮ್ಮ ದ್ರಾಕ್ಷಿ ತ್ವಾಟದಾಗ ನಡೀತೈತೇನು ಮೊದಲ ನೋಡೂಣವಾ. ಈ ಸಲ ಮಣೂಕ ನೀನ ಮಾಡು. ಛಲೋ ಬಂದ್ರ ಕಾಲೇಜಿನ ಮಾತು."

ಫೇರ್ ಚಾನ್ಸ್ ಅನ್ನಿಸಿತು.

ಮಣೂಕವೆಂದರೆ ಒಣದ್ರಾಕ್ಷಿ. ಪೊಟ್ಯಾಶ್ ಪುಡಿ ಕರಗಿಸಿದ ನೀರಿಗೆ ಡಿಪ್ಪಿಂಗ್ ಎಣ್ಣೆ ಬೆರೆಸಿ, ಹಾಲಿನಂತಾದ ಅದರಲ್ಲಿ ಗೊಂಚಲುಗಳನ್ನು ಅದ್ದಿ, ನೆರಳಿನ ಜಾಲರಿಯ ಮೇಲೆ ಹರಡಬೇಕು. ಬೆಳಿಗ್ಗೆ ನಾನೇ ಅಳೆದು ಬೆರೆಸಿ ಮನೆಗೆ ಹೋದೆ. ರೊಟ್ಟಿ ಬಡಿದು ಮರಳುವಷ್ಟರಲ್ಲಿ ಅತ್ತೆ ಹೆಣ್ಣಾಳುಗಳನ್ನು ಕರೆದು ಅದ್ದುವ ಕೆಲಸ ಮುಗಿಸಿಯೇ ಬಿಟ್ಟಿದ್ದರು.

ವಾರವಾದರೂ ಹಣ್ಣು ಗುಂಡಗುಂಡಗೇ ಇತ್ತು. ಹತ್ತಿರ ಹೋದರೆ ಹುಳಿ ವಾಸನೆ. ಮಾವ ಒಂದನ್ನು ಹಿಚುಕಿದರು, ರಸ ಚಿಮ್ಮಿತು. "ಏನವಾ, ಒಣಗು ಅಂತ ಇದಕ್ಕ ಇಂಗ್ಲಿಷಿನಾಗ ಹೇಳಬೇಕೇನು?"

ಕಾಲೇಜು ಕೈತಪ್ಪಿತೆಂದು ನಾನು ಅಡುಗೆಮನೆಯಲ್ಲಿ ಅಳುತ್ತ ಕೂತೆ. ಹತ್ತಿರ ಕುಳಿತ ಅತ್ತೆ ಸಮಾಧಾನ ಹೇಳಿದರು: "ಅಳಬ್ಯಾಡವಾ. ನಾ ಎಷ್ಟ ಸ್ವಚ್ಛ ಮಾಡಿ ಅದ್ದಿಸೇನಿ. ನೀರಿನ ಮ್ಯಾಲ ಹೊಲಸ ತೇಲಿತ್ತು. ಎಲ್ಲಾ ಬಳದು ತಗದು, ಅರಿವ್ಯಾಗ ಸೋಸೇನಿ."

ನನ್ನ ಅಳು ನಿಂತಿತು. "ಅದನ್ನ ಎಲ್ಲಿ ಚೆಲ್ಲಿದ್ರಿ, ಅತ್ತಿ?"

"ಚೆಲ್ಲೂದ್ಯಾಕ? ಜಿಡ್ಡ ಇತ್ತು, ಬಂಡಿ ಗಾಲಿಗಿ ಹಚ್ಚೇನಿ. ಈಗ ಸಪ್ಪಳನ ಇಲ್ಲ!"

ನಮ್ಮ ಮನೆಗಳಲ್ಲಿ ಸೋಸದ ನೀರನ್ನು ಬಳಸುವುದಿಲ್ಲ, ಅದರೊಳಗಿನ ಜೀವಕ್ಕೂ ನೋವಾಗಬಾರದೆಂದು. ಬೆರೆಸಿಟ್ಟ ಎಣ್ಣೆ ನಿಂತಲ್ಲಿ ಮೇಲೇಳುತ್ತದೆ, ಕಲಕುತ್ತಿರಬೇಕು ಎಂದು ನಾನಾದರೂ ಹೇಳಿದ್ದೆನೇ? ಟು ಬಿ ಆನೆಸ್ಟ್, ತಪ್ಪು ನನ್ನದೇ.

ಅತ್ತೆಯ ಕೈಗೆ ಅದ್ದದ ಒಂದು ಗೊಂಚಲು ಕೊಟ್ಟು ನೀರು ಸುರಿದೆ. ಹನಿಗಳು ಮಣಿಗಳಾಗಿ ಉರುಳಿದವು. ನೀರು ಪೋಲಾರ್ ಎಂದೆ. ಅದರ ಮಾಲಿಕ್ಯೂಲಿಗೆ ಒಂದು ತುದಿ ತುಸು ಪ್ಲಸ್, ಇನ್ನೊಂದು ತುಸು ಮೈನಸ್, ಹಾಗಾಗಿ ಒಂದನ್ನೊಂದು ಎಳೆದು ಹಿಡಿದುಕೊಂಡಿರುತ್ತವೆ. ದ್ರಾಕ್ಷಿಯ ಮೈಮೇಲಿನ ಮೇಣಕ್ಕೆ ಅಂಥ ತುದಿಗಳಿಲ್ಲ. ಹೊರಗಿನ ನೀರು ಅದಕ್ಕೆ ಅಂಟದು, ಒಳಗಿನದು ಅದನ್ನು ದಾಟಿ ಸುಲಭಕ್ಕೆ ಹೊರಬಾರದು. ಎಣ್ಣೆ ಮಾತ್ರ ಮೇಣದ ಜಾತಿಯದು. ಅದರೊಳಗೆ ನುಸುಳಿ ಸಡಿಲ ಮಾಡುತ್ತದೆ. ಆ ಎಣ್ಣೆಯನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಹಿಡಿದಿಡಲು ಪೊಟ್ಯಾಶ್ ನೆರವಾಗುತ್ತದೆ.

ಅತ್ತೆ ಹನಿಗಳನ್ನೇ ನೋಡುತ್ತಿದ್ದರು. "ಅಂದ್ರ ಪೊಟ್ಯಾಶ್ ಮದವಿ ಮಾಡಸಾಕಿ ಇದ್ದಂಗ. ಎಳ್ಡೂ ಮನಿಯಾಗ ಚಾ ಕುಡಿತಾಳ."

ಅದಕ್ಕಿಂತ ಚೆನ್ನಾಗಿ ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಕಲಿಸಿದ ನಮ್ಮ ಸಿಸ್ಟರ್ ಕೂಡ ಹೇಳಿರಲಿಲ್ಲ.

ಪುಣ್ಯಕ್ಕೆ ಇನ್ನೂ ನಾಲ್ಕು ಸಾಲು ಬಳ್ಳಿಯಲ್ಲೇ ಉಳಿದಿದ್ದವು. ಈ ಸಲ ಅತ್ತೆಯೇ ಸೆರಗು ಸಿಕ್ಕಿಸಿ ನಿಂತು ಕೋಲಿನಿಂದ ಕಲಕಿದರು. ಎರಡು ವಾರದೊಳಗೆ ಹಣ್ಣು ಸುಕ್ಕುಗಟ್ಟಿ, ಹಸಿರು-ಹೊನ್ನಿನ ಬಣ್ಣಕ್ಕೆ ತಿರುಗಿತು. ಮುಷ್ಟಿ ತುಂಬ ತೆಗೆದುಕೊಂಡು ಹೋಗಿ ಮಾವನ ಮುಂದಿಟ್ಟವರೂ ಅವರೇ.

"ಆವತ್ತ ಕೆಡಿಸಿದಾಕಿ ಇಕಿ ಅಲ್ರಿ, ನಾನು. ಎಣ್ಣಿ ತಗದ ಗಾಲಿಗಿ ಹಚ್ಚಿದ್ನಿ. ಕಳಸ್ರಿ ಅಕಿನ್ನ."

ಗಂಡನೆದುರು ತಪ್ಪೊಪ್ಪಿಕೊಂಡ ಅತ್ತೆಯನ್ನು ನಾನು ಕಂಡದ್ದು ಅದೊಂದೇ ಸಲ.

ಮಾವ ಒಂದೊಂದೇ ಜಗಿದು ಮುಷ್ಟಿಯನ್ನೆಲ್ಲ ಮುಗಿಸಿದರು. ಆಮೇಲೆ ನನ್ನತ್ತ ತಿರುಗಿ, "ನಮ್ಮ ಊಟ ಹೊತ್ತ ಮುಳಗೂದ್ರಾಗ ಆಗಬೇಕು. ಅಷ್ಟರಾಗ ಅಥಣಿಯಿಂದ ಬರೂ ಬಸ್ಸ ಐತೇನು?" ಎಂದರು.

"ಐತ್ರಿ, ಮಾವಾರ," ಎಂದೆ. ಟೈಮ್ ನನಗೆ ಆಗಲೇ ಬಾಯಿಪಾಠವಾಗಿತ್ತು.