ಮೆಂಡೆಲನ ಬಾಣಲೆ

ಲೋಕನಾಥ ಪೋಲೆಂಡ್ ನೋಡಿಲ್ಲ. ಪುಣೆ ಬಿಟ್ಟರೆ ಉಡುಪಿ, ಉಡುಪಿ ಬಿಟ್ಟರೆ ಪುಣೆ, ಅಷ್ಟೇ ಅವನ ಭೂಗೋಳ. ಆದರೂ ಆ ದೇಶದ ಒಂದು ಪುಟ್ಟ ಊರಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಬಾವಿಕಟ್ಟೆಗೆ ಹೋಗಿ ಬರಬಲ್ಲೆ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಎದುರಿನ ಅವನ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಚಹಾ ಕುಡಿಯುತ್ತಿರುವ ನಾನು, ಧನಕವಡಿಯ ನಿವೃತ್ತ ಶಿಕ್ಷಕಿ ಅನುಸೂಯಾ, ಇದನ್ನು ನಂಬಿರಲಿಲ್ಲ. ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಆ ಊರು ಅವನಿಗೆ ಸಿಕ್ಕಿದ್ದು ಅಜ್ಜಿಯ ತಂಗಿ ಅಕ್ಕುವಿನಿಂದ. ಮಹಾಯುದ್ಧದ ಕಾಲದಲ್ಲಿ ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿ ಪೋಲೆಂಡಿನ ನಿರಾಶ್ರಿತರ ಶಿಬಿರವಿತ್ತು. ಅದರ ಎದುರಿಗೇ ಅಕ್ಕುವಿನ ಅಪ್ಪನ ಚಹಾದಂಗಡಿ. ಹದಿಮೂರು ವರ್ಷದ ಅಕ್ಕುವಿಗೆ ಹೆಲೆನಾ ಎಂಬ ಶಿಬಿರದ ಹೆಂಗಸು ಮುರುಕು ಮರಾಠಿಯಲ್ಲಿ ತನ್ನ ಊರನ್ನು ಓಣಿ ಓಣಿಯಾಗಿ ಹೇಳಿದಳು. ಅಕ್ಕು ಎಲ್ಲ ನೆನಪಿಟ್ಟುಕೊಂಡಳು. ಊರಿನ ಹೆಸರೊಂದು ಮಾತ್ರ ಅವಳ ನಾಲಿಗೆಗೆ ಹತ್ತಲಿಲ್ಲ, ಮರೆತೇ ಹೋಯಿತು.

ವರ್ಷಕ್ಕೊಮ್ಮೆ, ಶಿವರಾತ್ರಿಯ ಹಿಂದಿನ ಗುರುವಾರ, ಲೋಕನಾಥ ಹಿಟ್ಟು ನಾದುವ ಕಲ್ಲಿನ ಮೇಲೆ ಮೈದಾ ಹರಡಿ ಬೆರಳಿನಿಂದ ಆ ಊರನ್ನು ಬರೆಯುತ್ತಾನೆ.

"ಇಲ್ಲಿ ಮರದ ಇಗರ್ಜಿ, ಇಲ್ಲಿ ಬಾವಿ. ಮಂಗಳವಾರ ಇಲ್ಲಿ ಸಂತೆ. ಬೆಂಕಿ ಆರಿಸುವವರ ಬ್ಯಾಂಡ್ ಉಂಟಲ್ಲ ಮಾರಾಯ್ರೆ, ಅದರಲ್ಲಿ ಡೋಲು ಬಾರಿಸುವವ ಊರಿನ ದರ್ಜಿ. ಯಾವಾಗಲೂ ಒಂದು ಪೆಟ್ಟು ಹಿಂದೆ! ಯಹೂದಿಗಳ ಮದುವೆಗೂ ಅವನೇ, ಕ್ರೈಸ್ತರ ಮದುವೆಗೂ ಅವನೇ. ಇದು ಮೆಂಡೆಲನ ಬೇಕರಿ."

ಆ ದಿನ ಗುಲ್ಕಂದ್ ತುಂಬಿದ ಬನ್ನು ಕರಿಯುತ್ತಾನೆ. ಹೆಸರು ಪೊಂಚ್ಕಿ. ಹೆಲೆನಾಳ ಊರಿನ ಕ್ರೈಸ್ತರು ಈಸ್ಟರಿಗೆ ಮೊದಲು ಬರುವ ದೊಡ್ಡ ಉಪವಾಸದ ಮುಂಚಿನ ಗುರುವಾರ ಮನೆಮನೆಯಲ್ಲೂ ಇದನ್ನು ಹಂದಿಕೊಬ್ಬಿನಲ್ಲಿ ಕರಿಯುತ್ತಿದ್ದರು. ಹಿಟ್ಟು ಹುಳಿ ಬರಿಸುವ ಈಸ್ಟ್ ಬರುತ್ತಿದ್ದುದು ಮೆಂಡೆಲನಿಂದ. ಅವನು ಯಹೂದಿ, ಹಂದಿಕೊಬ್ಬು ಮುಟ್ಟುವಂತಿಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಒಂದು ಬೇರೆ ಪುಟ್ಟ ಬಾಣಲೆ, ಬೇರೆ ಎಣ್ಣೆ. ಮೊದಲ ಬನ್ನು ಅದರಲ್ಲಿ ಬೆಂದು ಮೆಂಡೆಲನ ಮನೆಗೆ ಹೋಗಬೇಕು, ಆಮೇಲೆ ಉಳಿದವರ ಬಾಯಿಗೆ. ಉಡುಪಿಯವನಿಗೆ ಮಡಿಯನ್ನು ಬಿಡಿಸಿ ಹೇಳಬೇಕೆ? ಲೋಕನಾಥನೂ ಒಂದು ಪುಟ್ಟ ಬಾಣಲೆಯನ್ನು ಅದಕ್ಕೆಂದೇ ಇಟ್ಟಿದ್ದಾನೆ. ಮೊದಲ ಬನ್ನನ್ನು ಕಿಟಕಿಯಲ್ಲಿಡುತ್ತಾನೆ, ಕಾಗೆ ತಿನ್ನುತ್ತದೆ.

ಸಾವಿರದ ಒಂಬೈನೂರ ನಲವತ್ತರ ಚಳಿಯಲ್ಲಿ ರಷ್ಯದ ಸೈನಿಕರು ಹೆಲೆನಾಳ ಮನೆಯವರನ್ನು ಸೈಬೀರಿಯಾದ ರೈಲಿಗೆ ತುಂಬಿದಾಗ ಬಿಸಿ ರೊಟ್ಟಿಯ ಚೀಲ ಹಿಡಿದು ನಿಲ್ದಾಣಕ್ಕೆ ಓಡಿ ಬಂದವನು ಮೆಂಡೆಲ್ ಒಬ್ಬನೇ. ಆಮೇಲೆ ಅವನೇನಾದನೋ ಅವಳಿಗೆ ತಿಳಿಯಲಿಲ್ಲ. ಅಕ್ಕು ಸಾಯುವ ಮುಂಚೆ ಲೋಕನಾಥನ ಕೈ ಹಿಡಿದು, "ಆ ಊರು ಹುಡುಕು. ಮೆಂಡೆಲನ ಬನ್ನು ನಿಲ್ಲಲಿಲ್ಲ ಅಂತ ಹೇಳು" ಎಂದಿದ್ದಳು. ಹನ್ನೆರಡು ವರ್ಷವಾಯಿತು. ಗಿರಾಕಿಗಳೆಲ್ಲ ಅದನ್ನು ಮುದುಕಿಯ ಕಟ್ಟುಕಥೆ ಎಂದು ನಗುತ್ತಿದ್ದರು. ಹೋದ ವರ್ಷ ನಾನೂ ನಾಲಿಗೆ ಹರಿಬಿಟ್ಟೆ: "ಹೆಸರಿಲ್ಲದ ಊರಿಗೆ ಟಿಕೀಟ್ ಯಾರ ಕೊಡ್ತಾರ್ರಿ, ಲೋಕನಾಥ?" ಅವನ ಮುಖ ಸಣ್ಣದಾಯಿತು. ನಾನು ನೋಡಿಯೂ ನೋಡದವಳ ಹಾಗೆ ಚಹಾ ಕುಡಿದೆ.

ಈ ವರ್ಷದ ಗುರುವಾರ ಬಂತು. ಬಾಗಿಲಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದ ಬೋರ್ಡು: ಇಂದು ಪೊಂಚ್ಕಿ. ಕೊಲ್ಹಾಪುರದ ಬಸ್ಸಿಗೆ ಹೊರಟಿದ್ದ ಒಬ್ಬ ಬಿಳಿ ಹುಡುಗಿ ಅದನ್ನು ಓದಿ, ಚೀಲ ಎಳೆದುಕೊಂಡು ಒಳಗೆ ನುಗ್ಗಿದಳು. ಹೆಸರು ಮಾರ್ತಾ, ಮಗರಪಟ್ಟಾದಲ್ಲಿ ಎಂಜಿನಿಯರ್, ದೇಶ ಪೋಲೆಂಡ್! "ಇವತ್ತೇ! ನಮ್ಮಲ್ಲೂ ಇವತ್ತೇ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಅವರ ಉಪವಾಸಕ್ಕೂ ನಮ್ಮ ಶಿವರಾತ್ರಿಗೂ ಚಂದ್ರನೇ ಲೆಕ್ಕ. ಆದರೂ ಪ್ರತಿ ವರ್ಷ ಎರಡೂ ಕೂಡಿ ಬರುವುದಿಲ್ಲ, ಎರಡು ವರ್ಷದ ಹಿಂದೆ ಬಂದಿದ್ದರೆ ಒಂದು ತಿಂಗಳು ತಪ್ಪುತ್ತಿತ್ತು.

ಕೊಲ್ಹಾಪುರದಿಂದ ವಳಿವಡೆಗೆ ಹೋಗುವವಳಂತೆ. ಏಕೆ ಎಂದು ಕೇಳಿದೆ. ಅವಳ ಅಜ್ಜಿಯ ಊರಿನ ಕೆಲವರು ಆ ಶಿಬಿರದಲ್ಲಿದ್ದರಂತೆ. ಅಷ್ಟು ಕೇಳಿದ್ದೇ ಲೋಕನಾಥ ಅವಳನ್ನು ಕಲ್ಲಿನ ಮುಂದೆ ನಿಲ್ಲಿಸಿ ಮೈದಾ ಹರಡಿದ. ಇಗರ್ಜಿ, ಬಾವಿ, ಸಂತೆ ಬಂದವು. ಇಗರ್ಜಿಯ ಹಿಂದೆ ಗಿರಣಿ ಇತ್ತೇ ಎಂದು ಮಾರ್ತಾ ಕೇಳಿದಳು. ನಾನು ಅದನ್ನು ಲೋಕನಾಥನಿಗೆ ಕನ್ನಡದಲ್ಲಿ ಹೇಳಿದೆ.

"ಒಂದಲ್ಲ ಮಾರಾಯ್ತಿ, ಎರಡು ಗಿರಣಿ!" ಎಂದ ಅವನು.

ಅವಳು ಆಗಲೇ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿದ್ದಳು. ಫೋನನ್ನು ಮೈದಾದ ಮೇಲೆ ಹಿಡಿದಳು. ಮುದುಕಿ ಕನ್ನಡಕ ಏರಿಸಿ ನೋಡಿದಳು, ನೋಡಿದಳು, ಆಮೇಲೆ ಒಂದೇ ಮಾತು ಅಂದಳು: "ಯವೋರ್ನಿಕಿ!"

ಊರಿಗೆ ಹೆಸರು ಬಂತು! ಇಡೀ ಹೋಟೆಲು ಎದ್ದು ನಿಂತಿತು. ನಾನು ನಿವೃತ್ತ ಶಿಕ್ಷಕಿ ಎನ್ನುವುದನ್ನು ಮರೆತು ಸೀಟಿ ಹೊಡೆದೆ.

ಲೋಕನಾಥ ಕುಣಿಯಲಿಲ್ಲ. ಪುಟ್ಟ ಬಾಣಲೆಯನ್ನು ಫೋನಿನ ಮುಂದೆ ಹಿಡಿದು, "ಇದು ಬೇಕರಿಯವನದ್ದು ಅಂತ ಹೇಳಿ ಅಕ್ಕ" ಎಂದ. ನಾನು ಮಾರ್ತಾಳಿಗೆ ಹೇಳಿದೆ, ಮಾರ್ತಾ ಅಜ್ಜಿಗೆ ಹೇಳಿದಳು. ಮುದುಕಿ ಎದ್ದು ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲೂ ಒಂದು ಪುಟ್ಟ ಕಪ್ಪು ಬಾಣಲೆ. ಇದಕ್ಕೆ ಹಂದಿಕೊಬ್ಬು ಸೋಕಿಸಬೇಡ ಎಂದು ಅವಳ ತಾಯಿ ಜೀವನವಿಡೀ ಬೈದಿದ್ದಳಂತೆ, ಏಕೆಂದು ಒಮ್ಮೆಯೂ ಹೇಳಿರಲಿಲ್ಲವಂತೆ. ಬೇಕರಿಯ ಮನೆಯವರನ್ನು ಜರ್ಮನರು ಒಯ್ದರು, ಒಬ್ಬರೂ ತಿರುಗಿ ಬರಲಿಲ್ಲ. ಈಗ ಊರಿನಲ್ಲಿ ಅವರ ಹೆಸರು ಬಲ್ಲವರೇ ಇಲ್ಲ.

ನಾನು ಅನುವಾದಿಸುತ್ತ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಮುದುಕಿ ತನ್ನ ಒಲೆ ಹಚ್ಚಿ, ಪುಟ್ಟ ಬಾಣಲೆ ಇಟ್ಟು, ಎಣ್ಣೆ ಸುರಿದಳು. ಮೊದಲ ಬನ್ನನ್ನು ಯಾರ ಹೆಸರಿನಲ್ಲಿ ಬಿಡಲಿ ಎಂದು ಕೇಳಿದಳು.

ಪ್ರಶ್ನೆ ತಿಳಿದದ್ದೇ ಲೋಕನಾಥ ನನ್ನ ಅನುವಾದಕ್ಕೆ ಕಾಯಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು, ಬಸ್ ನಿಲ್ದಾಣಕ್ಕೆ ಕೇಳುವಷ್ಟು ಜೋರಾಗಿ ಹೇಳಿದ.

"ಮೆಂಡೆಲ್!"

"ಮೆಂಡೆಲ್" ಎಂದಳು ಮುದುಕಿ, ಹಿಟ್ಟಿನ ಉಂಡೆಯನ್ನು ಎಣ್ಣೆಗೆ ಬಿಡುತ್ತ.