ಅವ್ವನ ಹಸಿರು ಗುಂಡಿ

ನಮ್ಮವ್ವನ ಫೋನಿನಲ್ಲಿರುವ ಆ ಆರೋಗ್ಯದ ಆ್ಯಪ್ ಮಾಡಿದವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕರೆ ಬಿಡುವವಳಲ್ಲ ನಾನು. ಅವರು ಕಳಿಸಿದ ಒಬ್ಬ ಮಾತ್ರ ಸಿಕ್ಕಿದ್ದ. ಅವನಿಗೆ ಅವ್ವ ಚಹಾ ಕೊಟ್ಟಳು.

ಅವ್ವ ಕುಲಗೋಡದಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಸಕ್ಕರೆ ಕಾಯಿಲೆ. ಗೋಕಾಕದ ಒಂದು ದವಾಖಾನೆಯಲ್ಲಿ ಗುಳಿಗೆ ಬರೆದುಕೊಟ್ಟು, ಫೋನಿಗೆ ಈ ಆ್ಯಪ್ ಹಾಕಿದ್ದರು. ಬೆಳಿಗ್ಗೆ, ಸಂಜೆ ಊಟಕ್ಕೆ ಮುಂಚೆ ಅದು ಟಿಂಗ್ ಟಿಂಗ್ ಎಂದು ಬಡಕೊಳ್ಳುತ್ತದೆ. ‘ತೆಗೆದುಕೊಂಡೆ’ ಎನ್ನಲು ಹಸಿರು ಗುಂಡಿ, ‘ಇಲ್ಲ’ ಎನ್ನಲು ಕೆಂಪು.

ಸರಿಯಾಗಿ ಅದೇ ಹೊತ್ತಿಗೆ ಅವ್ವ ಲಿಂಗಪೂಜೆಗೆ ಕೂತಿರುತ್ತಾಳೆ. ಪೂಜೆ ಮುಗಿಯುವ ತನಕ ಹನಿ ನೀರೂ ಬಾಯಿಗೆ ಹೋಗುವುದಿಲ್ಲ, ಗುಳಿಗೆ ದೂರದ ಮಾತು. ಎಡ ಅಂಗೈಯಲ್ಲಿ ಲಿಂಗ, ಬಾಜೂಕ್ಕೆ ಅರಚುವ ಫೋನು. ಕೆಂಪು ಒತ್ತಿದರೆ ‘ಕಾರಣವೇನು?’ ಎಂದು ವಿಚಾರಣೆ ಶುರು. ಹಸಿರು ಒತ್ತಿದರೆ ‘ಅಭಿನಂದನೆಗಳು’ ಎಂದು ಬಾಯಿ ಮುಚ್ಚುತ್ತದೆ. ಅವ್ವ ಬಲಗೈ ಬೆರಳಿನಿಂದ ಹಸಿರು ಒತ್ತುತ್ತಿದ್ದಳು. ಪೂಜೆಯಿಂದ ಎದ್ದ ಮೇಲೆ ರೊಟ್ಟಿ, ದನಗಳ ಮೇವು, ಮೊಮ್ಮಕ್ಕಳ ಗದ್ದಲ. ಗುಳಿಗೆ ನೆನಪಾದರೆ ಆಯಿತು, ಇಲ್ಲವಾದರೆ ಇಲ್ಲ.

ದವಾಖಾನೆಯಲ್ಲಿ ನೋಡಿದರೆ ತಿಂಗಳಿಡೀ ಹಸಿರು. ಸಕ್ಕರೆ ಮಾತ್ರ ಇಳಿದಿಲ್ಲ. "ಗುಳಿಗಿ ಬರೋಬ್ಬರಿ ತೊಗೊಳ್ಳಾಕತ್ತಾರ, ಆದ್ರೂ ಇಳಿವಲ್ದು" ಎಂದು ಡಾಕ್ಟರರು ಡೋಸ್ ಹೆಚ್ಚಿಸಿದರು. ಎದುರಿಗೆ ಕೂತ ಮುದುಕಿಯನ್ನು ಒಂದು ಮಾತು ಕೇಳಲಿಲ್ಲ. ಕೇಳುವುದಾದರೂ ಯಾಕೆ, ಫೋನೇ ಹೇಳುತ್ತಿತ್ತಲ್ಲ!

ಆಮೇಲೆ ಅವ್ವ ಹತ್ತರಗಿಗೆ, ನನ್ನ ಮನೆಗೆ ಬಂದಳು. ನಾನು ಇಂಥದ್ದರಲ್ಲಿ ಕಟ್ಟುನಿಟ್ಟು. ಪೂಜೆ ಮುಗಿದ ಕೂಡಲೇ, ಬರೆದುಕೊಟ್ಟ ಹಾಗೆ, ನನ್ನ ಕೈಯಾರೆ ಗುಳಿಗೆ ಕೊಟ್ಟೆ. ಎರಡು ದಿನ ಚೆನ್ನಾಗಿದ್ದಳು. ಮರುದಿನ ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಕೂತವಳು ಬೆವತು, ತೊದಲಿ, ಮೊರದ ಮೇಲೆಯೇ ಬಿದ್ದಳು. ಯಮಕನಮರಡಿಗೆ ಒಯ್ಯುವ ಹೊತ್ತಿಗೆ ನನ್ನ ಗುರುತೇ ಸಿಗಲಿಲ್ಲ ಅವಳಿಗೆ. ಸಕ್ಕರೆ ತೀರಾ ಇಳಿದಿದೆ ಎಂದು ಅಲ್ಲಿಯ ಡಾಕ್ಟರರು ಗ್ಲೂಕೋಸ್ ಹಚ್ಚಿ, "ಇಷ್ಟ್ ಜೋರಿನ ಗುಳಿಗಿ ಯಾರ್ ಕೊಟ್ರು ಇವರಿಗೆ?" ಎಂದು ನನ್ನನ್ನೇ ಬೈದರು.

ಎಚ್ಚರವಾದ ಮೇಲೆ ಅವ್ವ ಹಸಿರು ಗುಂಡಿಯ ಕಥೆ ಹೇಳಿದಳು. ಡಾಕ್ಟರರು ಡೋಸನ್ನು ಮೊದಲಿನಷ್ಟಕ್ಕೆ ಇಳಿಸಿ, "ಇದನ್ನ ಮಾತ್ರ ತಪ್ಪಸಬ್ಯಾಡ್ರಿ" ಎಂದರು. ಆ ಆ್ಯಪನ್ನು ಕಿತ್ತೊಗೆಯಲು ಹೋದರೆ, ಅದು ದವಾಖಾನೆಯದು, ಮುಟ್ಟಬೇಡ ಎಂದು ಅಣ್ಣ ಫೋನಿನಲ್ಲೇ ಗದರಿದ.

ವಾರ ಕಳೆದ ಮೇಲೆ ಒಂದು ಸಂಜೆ, ಅಣ್ಣನ ಹತ್ತಿರ ವಿಳಾಸ ಕೇಳಿಕೊಂಡು ಆ್ಯಪಿನವರ ಮನುಷ್ಯ ನನ್ನ ಮನೆಗೇ ಬಂದ. ಬಳಸುವವರ ಅನುಭವ ಹೇಗಿದೆ ಎಂದು ಊರೂರು ತಿರುಗಿ ಕೇಳುತ್ತಿದ್ದನಂತೆ. ಅಕ್ಷರ ಕಾಣುತ್ತವೆಯೇ, ಬಣ್ಣ ಹಿಡಿಸಿತೇ, ದನಿ ಇಂಪಾಗಿದೆಯೇ. ಇಂಪಂತೆ ಇಂಪು! ಅವ್ವ ಎಲ್ಲಕ್ಕೂ "ಛಲೋ ಐತ್ರಿ" ಎಂದಳು. ಮನೆಗೆ ಬಂದವರಿಗೆ ಅವಳು ಬೇರೆ ಏನಾದರೂ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ ಎಂದ. "ಇದ್ದಷ್ಟೂ ಹಾಕ್ಕೋರಿ, ಪಾಪ" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಫೋನು ಬಡಕೊಂಡಿತು. ಸಂಜೆಯ ಗುಳಿಗೆ. ಬಂದವನ ಸಲುವಾಗಿ ಪೂಜೆ ಇನ್ನೂ ಆಗಿರಲಿಲ್ಲ. ಅವ್ವ ಮಾತು ನಿಲ್ಲಿಸದೆಯೇ ಕೈ ಚಾಚಿ ಹಸಿರು ಒತ್ತಿದಳು. ‘ಅಭಿನಂದನೆಗಳು.’

"ಭಾರೀ ಕಲ್ತೀರಿ ಬಿಡ್ರಿ ಅಮ್ಮಾರ!" ಎಂದು ಅವನು ಹಿಗ್ಗಿದ.

ನಾನು ಗುಳಿಗೆಯ ಡಬ್ಬಿ ತಂದು ಅವನ ಮುಂದೆ ಕುಕ್ಕಿದೆ. "ನೋಡ್ರಿ, ಸಂಜಿ ಗುಳಿಗಿ ಇಲ್ಲೇ ಕುಂತೈತಿ. ಇದನ್ನ ಬರಕೋರಿ."

ಅವನು ತನ್ನ ಫೋನನ್ನು ಮೇಲೆ ಕೆಳಗೆ ತೀಡಿ ನೋಡಿದ. "ಅದನ್ನ ಹಾಕಾಕ ಇದ್ರಾಗ ಜಾಗಾನ ಇಲ್ರಿ ಅಕ್ಕಾರ."

"ಹಂಗಾರ ನಮ್ಮವ್ವಗೂ ಅದ್ರಾಗ ಜಾಗಾ ಇಲ್ಲ. ಏಳ್ರಿ ಇನ್ನ."

ಅವನು ಎದ್ದು ಹೋದ. "ಬಂದವರ ಜೋಡಿ ಹಿಂಗ ಮಾತಾಡ್ತಾರೇನ?" ಎಂದು ನನ್ನನ್ನು ಬೈಯುತ್ತಲೇ ಅವ್ವ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು. ಗುಳಿಗೆ ತೆಗೆದುಕೊಂಡು, ನೀರಿನ ತಂಬಿಗೆ ಇಟ್ಟುಕೊಂಡು ನಾನೂ ಅವಳ ಎದುರಿಗೇ ಕೂತೆ. ಅವಳ ಅಂಗೈಯಲ್ಲಿ ಲಿಂಗ, ನನ್ನ ಅಂಗೈಯಲ್ಲಿ ಗುಳಿಗೆ. ಫೋನು ಆಗಲೇ ಅಭಿನಂದನೆ ಹೇಳಿ ಮುಗಿಸಿತ್ತು.

ಬಹಳ ಹೊತ್ತಿನ ಮೇಲೆ ಅವ್ವ ಕಣ್ಣು ತೆರೆದಳು. "ಇನ್ನೂ ಇಲ್ಲೇ ಕುಂತೀಯೇನ?"

"ನುಂಗು" ಎಂದೆ.